ಫಾರ್ವರ್ಡ್ ದರದ ಲೆಕ್ಕ: ಯಾವ ಬಡ್ಡಿ ಮೇಲೆ, ಯಾವ ಬಡ್ಡಿ ಕೆಳಗೆ?

ಎರಡು ಕರೆನ್ಸಿಗಳ ಬಡ್ಡಿ ದರಗಳಿಂದ ಫಾರ್ವರ್ಡ್ ವಿನಿಮಯ ದರ ಕಂಡುಹಿಡಿಯುವ ಕವರ್ಡ್ ಇಂಟರೆಸ್ಟ್ ಪ್ಯಾರಿಟಿಯ ಸೂತ್ರ ಒಂದೇ ಸಾಲಿನದು. ಆದರೂ ಅಂತರರಾಷ್ಟ್ರೀಯ ಹಣಕಾಸಿನ ಪತ್ರಿಕೆಯಲ್ಲಿ ಅಂಕ ಸೋರುವುದು ಇಲ್ಲೇ. ಎರಡು ಬಡ್ಡಿ ದರಗಳನ್ನು ಅದಲು ಬದಲು ಮಾಡಿದರೂ ಬರುವ ಉತ್ತರ ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಈ ಟಿಪ್ಪಣಿಯ ಹೆಚ್ಚಿನ ಭಾಗ ಆ ಒಂದು ಹೆಜ್ಜೆಯ ಬಗ್ಗೆಯೇ.

ಸ್ಪಾಟ್ ದರ ಎಂದರೆ ಇವತ್ತು ಕರೆನ್ಸಿ ಕೊಳ್ಳುವ ದರ. ಫಾರ್ವರ್ಡ್ ದರ ಎಂದರೆ ಮುಂದೊಂದು ದಿನ ಕೊಳ್ಳಲು ಅಥವಾ ಮಾರಲು ಇವತ್ತೇ ಒಪ್ಪಂದ ಮಾಡಿಕೊಂಡ ದರ. ಇವೆರಡರ ನಡುವಿನ ಅಂತರವನ್ನು ಎರಡು ದೇಶಗಳ ಬಡ್ಡಿ ದರಗಳ ವ್ಯತ್ಯಾಸ ನಿರ್ಧರಿಸುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಕೇನ್ಸ್ 1923ರಲ್ಲೇ ವಿವರಿಸಿದ್ದರು. ಸೂತ್ರ ಹೀಗಿದೆ:

ಫಾರ್ವರ್ಡ್ = ಸ್ಪಾಟ್ × (1 + ಬೆಲೆ ಕರೆನ್ಸಿಯ ಬಡ್ಡಿ) ÷ (1 + ಸರಕು ಕರೆನ್ಸಿಯ ಬಡ್ಡಿ)

ಬೆಲೆ ಯಾವುದು, ಸರಕು ಯಾವುದು

ಪಠ್ಯಗಳಲ್ಲಿ ಸಾಮಾನ್ಯವಾಗಿ ‘ದೇಶೀಯ ಬಡ್ಡಿ ಮೇಲೆ, ವಿದೇಶಿ ಬಡ್ಡಿ ಕೆಳಗೆ’ ಎಂದಿರುತ್ತದೆ. ಒಂದು ಘಟಕ ವಿದೇಶಿ ಕರೆನ್ಸಿಗೆ ಎಷ್ಟು ದೇಶೀಯ ಕರೆನ್ಸಿ ಎಂದು ದರ ಕೊಟ್ಟಾಗ ಮಾತ್ರ ಇದು ನಿಜ. ಪ್ರಶ್ನೆಯಲ್ಲಿ ದರವನ್ನು ತಿರುಗಿಸಿ ಕೊಟ್ಟಿದ್ದರೆ ಅದೇ ವಾಕ್ಯ ದಾರಿ ತಪ್ಪಿಸುತ್ತದೆ. ಎರಡೂ ವಿದೇಶಿ ಕರೆನ್ಸಿಗಳೇ ಆಗಿದ್ದರೆ ದೇಶೀಯ ಯಾವುದೆಂದೇ ತಿಳಿಯುವುದಿಲ್ಲ. ಅದಕ್ಕೇ ಆ ಎರಡು ಪದಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಯಾವ ಕರೆನ್ಸಿಯ ‘ಒಂದು ಘಟಕ’ದ ದರ ಹೇಳುತ್ತಿದ್ದಾರೋ ಅದು ಅಂಗಡಿಯಲ್ಲಿಟ್ಟ ಸರಕು, ಯಾವ ಕರೆನ್ಸಿಯಲ್ಲಿ ದುಡ್ಡು ಎಣಿಸುತ್ತಿದ್ದಾರೋ ಅದು ಬೆಲೆ. 1 ಯೂರೊಗೆ 1.10 ಡಾಲರ್ ಎಂದರೆ ಯೂರೊ ಸರಕು, ಡಾಲರ್ ಬೆಲೆ. ಡಾಲರ್ ಬಡ್ಡಿ ಮೇಲೆ ಹೋಗುತ್ತದೆ.

ಇನ್ನೊಂದು ತೊಡಕು ಓರೆಗೆರೆಯದು. ಹಲವು ಪಠ್ಯಗಳು ‘ಡಾಲರ್/ಯೂರೊ = 1.10’ ಎಂದು ಬರೆಯುತ್ತವೆ. ಅದು ಭಿನ್ನರಾಶಿ, ಒಂದು ಯೂರೊಗೆ ಇಷ್ಟು ಡಾಲರ್ ಎಂದು ಓದಬೇಕು. ಮಾರುಕಟ್ಟೆಯ ಪರದೆಯ ಮೇಲೆ ಅದೇ ದರ ‘ಯೂರೊ/ಡಾಲರ್ 1.10’ ಎಂದು ಬರುತ್ತದೆ. ಅಲ್ಲಿ ಓರೆಗೆರೆ ಭಾಗಾಕಾರದ ಚಿಹ್ನೆಯಲ್ಲ. ಮೊದಲು ಬರೆದದ್ದು ಸರಕು, ಎರಡನೆಯದು ಬೆಲೆ. ಪೌಂಡ್/ಡಾಲರ್ ಎಂದರೆ ಒಂದು ಪೌಂಡ್‌ಗೆ ಎಷ್ಟು ಡಾಲರ್, ಡಾಲರ್/ಯೆನ್ ಎಂದರೆ ಒಂದು ಡಾಲರ್‌ಗೆ ಎಷ್ಟು ಯೆನ್. ಪಠ್ಯ ಓದಿ ಪರದೆ ನೋಡಿದರೆ, ಪರದೆ ನೋಡಿ ಪಠ್ಯಕ್ಕೆ ಮರಳಿದರೆ ಎಲ್ಲವೂ ತಲೆಕೆಳಗಾಗುವುದು ಈ ಕಾರಣಕ್ಕೆ. ಲೆಕ್ಕ ಶುರು ಮಾಡುವ ಮೊದಲು ‘1 ಯೂರೊ = 1.10 ಡಾಲರ್’ ಎಂದು ಸಮ ಚಿಹ್ನೆ ಹಾಕಿ ಬರೆದುಕೊಳ್ಳಿ. ಓರೆಗೆರೆಯನ್ನು ಆಮೇಲೆ ಮುಟ್ಟಲೇಬೇಡಿ.

ಈಗ ಸಂಖ್ಯೆಗಳು. ಒಂದು ವರ್ಷದ ಡಾಲರ್ ಬಡ್ಡಿ ಶೇ 5, ಯೂರೊ ಬಡ್ಡಿ ಶೇ 3 ಇರಲಿ.

1.10 × 1.05 ÷ 1.03 = 1.1214

ಬಡ್ಡಿಗಳನ್ನು ತಿರುಗಿಸಿ ಇಟ್ಟಿದ್ದರೆ 1.0790 ಬರುತ್ತಿತ್ತು. ಅದೂ ನಂಬುವಂತಹ ಸಂಖ್ಯೆಯೇ. ಹಾಗಾಗಿ ಪ್ರತಿ ಸಲವೂ ಒಂದು ತಾಳೆ ಬೇಕು: ಹೆಚ್ಚು ಬಡ್ಡಿಯ ಕರೆನ್ಸಿ ಫಾರ್ವರ್ಡ್‌ನಲ್ಲಿ ಅಗ್ಗವಾಗಿರಲೇಬೇಕು. ಇಲ್ಲಿ ಹೆಚ್ಚು ಬಡ್ಡಿ ಡಾಲರ್‌ನದು, ಆದ್ದರಿಂದ ಒಂದು ಯೂರೊಗೆ ಮುಂದೆ ಹೆಚ್ಚು ಡಾಲರ್ ಕೊಡಬೇಕಾಗುತ್ತದೆ. 1.10ಕ್ಕಿಂತ 1.1214 ದೊಡ್ಡದು, ಸರಿ. 1.0790 ಸಣ್ಣದು, ತಪ್ಪು. ಸೂತ್ರ ಮರೆತುಹೋದರೂ ಈ ತಾಳೆ ನೆನಪಿದ್ದರೆ ಸೂತ್ರವನ್ನು ಮತ್ತೆ ಕಟ್ಟಬಹುದು.

ಯೂರೊ ಇಲ್ಲಿ ಶೇ 1.94ರಷ್ಟು ಪ್ರೀಮಿಯಂನಲ್ಲಿದೆ, ಅಂದರೆ ಸ್ಪಾಟ್ ದರಕ್ಕಿಂತ ಫಾರ್ವರ್ಡ್ ದರ ಅಷ್ಟು ಹೆಚ್ಚು (ಕಡಿಮೆ ಇದ್ದರೆ ಅದು ಡಿಸ್ಕೌಂಟ್). ಹಾಗಾದರೆ ಡಾಲರ್ ಶೇ 1.94ರ ಡಿಸ್ಕೌಂಟ್‌ನಲ್ಲಿದೆಯೇ? ಇಲ್ಲ, ಶೇ 1.90. ದರ ತಿರುಗಿಸಿದಾಗ ಶೇಕಡಾವಾರು ಲೆಕ್ಕದ ಆಧಾರವೂ ಬದಲಾಗುತ್ತದೆ. ಎರಡು ಬಡ್ಡಿಗಳನ್ನು ಕಳೆದು ಶೇ 2 ಎನ್ನುವುದು ಬರೀ ಅಂದಾಜು. ಬಡ್ಡಿ ಕಡಿಮೆ ಇದ್ದಾಗ ಅದು ನಡೆಯುತ್ತದೆ. ಒಂದು ಕಡೆ ಶೇ 50, ಇನ್ನೊಂದು ಕಡೆ ಶೇ 10 ಇದ್ದರೆ ಅಂದಾಜು 40 ಎನ್ನುತ್ತದೆ, ನಿಜವಾದದ್ದು 36.4.

ಸೂತ್ರ ಮುರಿದರೆ ಏನಾಗುತ್ತದೆ

ಬ್ಯಾಂಕ್ ಫಾರ್ವರ್ಡ್ ದರವನ್ನು 1.13 ಎಂದು ಕೊಟ್ಟಿದೆ ಎನ್ನಿ. ಯೂರೊ ಫಾರ್ವರ್ಡ್‌ನಲ್ಲಿ ದುಬಾರಿಯಾಗಿದೆ, ಅಂದರೆ ಅಲ್ಲಿ ಯೂರೊ ಮಾರಬೇಕು. ಮುಂದೆ ಮಾರುವುದಕ್ಕೆ ಇವತ್ತು ಕೊಂಡಿರಬೇಕು, ಕೊಳ್ಳುವುದಕ್ಕೆ ಡಾಲರ್ ಸಾಲ ಬೇಕು. ಹೀಗೆ ಹಿಂದಿನಿಂದ ಯೋಚಿಸಿದರೆ ದಿಕ್ಕು ತಪ್ಪುವುದಿಲ್ಲ. 1,10,000 ಡಾಲರ್ ಸಾಲ ಮಾಡಿ, 1,00,000 ಯೂರೊ ಕೊಂಡು, ಶೇ 3ಕ್ಕೆ ಠೇವಣಿ ಇಡಿ. ಅದೇ ದಿನ 1,03,000 ಯೂರೊವನ್ನು 1.13ರ ದರದಲ್ಲಿ ಫಾರ್ವರ್ಡ್ ಮಾರಿ. ಬಡ್ಡಿ ಸೇರಿಸಿ ಮಾರಬೇಕು. 1,00,000 ಮಾತ್ರ ಮಾರಿದರೆ ಉಳಿದ 3,000 ಯೂರೊಗೆ ದರದ ಅಪಾಯ ಉಳಿದುಬಿಡುತ್ತದೆ, ಆಗ ಅದು ‘ಕವರ್ಡ್’ ಅಲ್ಲ. ವರ್ಷದ ಕೊನೆಗೆ 1,16,390 ಡಾಲರ್ ಕೈಗೆ ಬರುತ್ತದೆ, ಸಾಲ ತೀರಿಸಲು 1,15,500 ಹೋಗುತ್ತದೆ. ಉಳಿಯುವುದು 890 ಡಾಲರ್, ಸ್ವಂತ ಬಂಡವಾಳ ಸೊನ್ನೆ. ಎಲ್ಲರೂ ಇದನ್ನೇ ಮಾಡತೊಡಗಿದರೆ ಸ್ಪಾಟ್‌ನಲ್ಲಿ ಯೂರೊ ಏರುತ್ತದೆ, ಫಾರ್ವರ್ಡ್‌ನಲ್ಲಿ ಇಳಿಯುತ್ತದೆ, ಅಂತರ ಮುಚ್ಚುತ್ತದೆ.

ಅಂತರ ತೀರಾ ಸಣ್ಣದಾದರೆ ಲಾಭ ಇರುವುದಿಲ್ಲ. ಫಾರ್ವರ್ಡ್ 1.1216 ಇದೆ, ಯೂರೊ ಕೊಳ್ಳುವ ಸ್ಪಾಟ್ ದರ 1.1002, ಠೇವಣಿಗೆ ಸಿಗುವುದು ಶೇ 2.95 ಎಂದಿಟ್ಟುಕೊಂಡು ಅದೇ ಲೆಕ್ಕ ಮಾಡಿದರೆ ಸುಮಾರು 52 ಡಾಲರ್ ನಷ್ಟ. ಕೊಳ್ಳುವ ದರ, ಮಾರುವ ದರ ಎರಡೂ ಕೊಟ್ಟ ಪ್ರಶ್ನೆಯಲ್ಲಿ ಯಾವಾಗಲೂ ನಮಗೆ ಪ್ರತಿಕೂಲವಾದದ್ದನ್ನೇ ಹಿಡಿಯಬೇಕು.

ಅವಧಿ 90 ದಿನವಾದರೆ ಬಡ್ಡಿಯನ್ನು ಮೊದಲು ಅವಧಿಗೆ ಇಳಿಸಿ, ಆಮೇಲೆ ಸೂತ್ರಕ್ಕೆ ಹಾಕಿ: 5 × 90/360 = 1.25, 3 × 90/360 = 0.75. ಫಾರ್ವರ್ಡ್ 1.1055. ಡಾಲರ್ ಮತ್ತು ಯೂರೊ ಹಣದ ಮಾರುಕಟ್ಟೆಯಲ್ಲಿ ವರ್ಷಕ್ಕೆ 360 ದಿನ, ಪೌಂಡ್‌ಗೆ 365.

ಹೆಚ್ಚು ಬಡ್ಡಿಯ ಕರೆನ್ಸಿ ಏರುತ್ತದೆಯೋ ಇಳಿಯುತ್ತದೆಯೋ?

ಬಡ್ಡಿ ಏರಿಸಿದರೆ ಬಂಡವಾಳ ಹರಿದುಬಂದು ಕರೆನ್ಸಿ ಬಲಗೊಳ್ಳುತ್ತದೆ ಎಂದು ಒಂದು ಅಧ್ಯಾಯ ಹೇಳುತ್ತದೆ. ಹೆಚ್ಚು ಬಡ್ಡಿಯ ಕರೆನ್ಸಿ ದುರ್ಬಲಗೊಳ್ಳುತ್ತದೆ ಎಂದು ಮುಂದಿನ ಅಧ್ಯಾಯದ ಅನ್‌ಕವರ್ಡ್ ಪ್ಯಾರಿಟಿ (ಫಾರ್ವರ್ಡ್ ದರದ ಜಾಗದಲ್ಲಿ ನಿರೀಕ್ಷಿತ ದರವಿಟ್ಟ ಅದೇ ಸೂತ್ರ) ಹೇಳುತ್ತದೆ. ಎರಡೂ ಸರಿ, ಕಾಲ ಬೇರೆ. ವರ್ಷದ ನಂತರ ಯೂರೊ 1.12 ಡಾಲರ್ ಆಗುತ್ತದೆಂದು ಜನ ನಿರೀಕ್ಷಿಸಿದ್ದಾರೆ, ಆ ನಿರೀಕ್ಷೆ ಬದಲಾಗುವುದಿಲ್ಲ ಎನ್ನಿ. ಡಾಲರ್ ಬಡ್ಡಿ ಶೇ 5 ಇದ್ದಾಗ ಇವತ್ತಿನ ದರ 1.12 × 1.03 ÷ 1.05 = 1.0987. ಬಡ್ಡಿ ಶೇ 7ಕ್ಕೆ ಏರಿದೊಡನೆ ಅದು 1.0781ಕ್ಕೆ ಬರುತ್ತದೆ, ಅಂದರೆ ಡಾಲರ್ ಈ ಕ್ಷಣದಲ್ಲೇ ಬಲಗೊಂಡಿತು. ಅಲ್ಲಿಂದ 1.12ರವರೆಗಿನ ದಾರಿಯಲ್ಲಿ ಅದು ಶೇ 3.7ರಷ್ಟು ಸವೆಯಬೇಕು. ಮೊದಲ ಜಿಗಿತವೇ ಮುಂದಿನ ಇಳಿಕೆಗೆ ಜಾಗ ಮಾಡಿಕೊಡುತ್ತದೆ. ಡಾರ್ನ್‌ಬುಶ್ 1976ರಲ್ಲಿ ಮಂಡಿಸಿದ ಓವರ್‌ಶೂಟಿಂಗ್ ಮಾದರಿಗೆ (ದರ ಮೊದಲು ಅತಿಯಾಗಿ ಜಿಗಿದು ಆಮೇಲೆ ಹಿಂದಿರುಗುತ್ತದೆ ಎನ್ನುವುದು) ಹೋಗುವ ಮುನ್ನ ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿನೋಡುವುದು ತುಂಬಾ ಉಪಯುಕ್ತ.

ಕವರ್ಡ್‌ನಲ್ಲಿ ಫಾರ್ವರ್ಡ್ ದರ ಒಪ್ಪಂದದಲ್ಲೇ ಇದೆ, ಅಪಾಯವಿಲ್ಲ. ಅನ್‌ಕವರ್ಡ್‌ನಲ್ಲಿ ಆ ಜಾಗಕ್ಕೆ ಬರೀ ನಿರೀಕ್ಷೆ ಬರುತ್ತದೆ, ಅಪಾಯವಿದೆ. ಅಂಕಿಅಂಶಗಳ ಮುಂದೆ ಎರಡನೆಯದು ನಿಲ್ಲುವುದಿಲ್ಲ. ಫಾರ್ವರ್ಡ್ ಪ್ರೀಮಿಯಂನಿಂದ ಮುಂದಿನ ದರ ಬದಲಾವಣೆಯನ್ನು ಅಂದಾಜಿಸಿದರೆ ಗುಣಾಂಕ 1 ಬರಬೇಕು. ಅರ್ಥಶಾಸ್ತ್ರಜ್ಞ ಫಾಮಾ 1984ರಲ್ಲಿ ತೋರಿಸಿದಂತೆ ಅದು ಋಣಾತ್ಮಕವಾಗಿಯೇ ಬರುತ್ತಿತ್ತು. ಕಡಿಮೆ ಬಡ್ಡಿಯ ಯೆನ್ ಸಾಲ ಮಾಡಿ ಹೆಚ್ಚು ಬಡ್ಡಿಯ ಕರೆನ್ಸಿಯಲ್ಲಿ ಹೂಡುವ ಕ್ಯಾರಿ ಟ್ರೇಡ್ ಬದುಕಿರುವುದೇ ಈ ವೈಫಲ್ಯದ ಮೇಲೆ. ಅದರ ಅಪಾಯ ಕಂಡದ್ದು 1998ರ ಅಕ್ಟೋಬರ್‌ನಲ್ಲಿ: ಕೆಲವೇ ದಿನಗಳಲ್ಲಿ ಯೆನ್ ಡಾಲರ್ ಎದುರು ಶೇ 10ಕ್ಕೂ ಹೆಚ್ಚು ಏರಿತು.

ಕವರ್ಡ್ ಪ್ಯಾರಿಟಿ 2007ರವರೆಗೆ ಬಹುಪಾಲು ನಿಖರವಾಗಿ ನಿಂತಿತ್ತು. 2008ರ ಬಿಕ್ಕಟ್ಟಿನಲ್ಲಿ ಅಮೆರಿಕದ ಹೊರಗಿನ ಬ್ಯಾಂಕ್‌ಗಳಿಗೆ ಡಾಲರ್ ಸಾಲ ಸಿಗದಾದಾಗ ಅವು ಯೂರೊ ಕೊಟ್ಟು ಸ್ವಾಪ್ (ಇವತ್ತು ಕರೆನ್ಸಿ ಅದಲು ಬದಲು ಮಾಡಿ, ಮುಂದೆ ನಿಗದಿತ ದರದಲ್ಲಿ ಮರಳಿಸುವ ಒಪ್ಪಂದ) ಮೂಲಕ ಡಾಲರ್ ಪಡೆಯಲು ಮುಗಿಬಿದ್ದವು, ಸೂತ್ರ ಕೊಟ್ಟ ದರಕ್ಕೂ ಮಾರುಕಟ್ಟೆಯ ದರಕ್ಕೂ ದೊಡ್ಡ ಅಂತರ ತೆರೆದುಕೊಂಡಿತು. ಫೆಡರಲ್ ರಿಸರ್ವ್ ಇತರ ಕೇಂದ್ರ ಬ್ಯಾಂಕ್‌ಗಳಿಗೆ ಡಾಲರ್ ಕೊಡಲು ಸ್ವಾಪ್ ಸೌಲಭ್ಯ ತೆರೆದದ್ದು ಈ ಕೊರತೆ ನೀಗಿಸಲು. ಬಿಕ್ಕಟ್ಟು ಕಳೆದ ಮೇಲೂ ಯೂರೊ, ಯೆನ್‌ಗಳಲ್ಲಿ ಸಣ್ಣ ಅಂತರ ಉಳಿದುಕೊಂಡಿದೆ. ಅದನ್ನು ಕ್ರಾಸ್ ಕರೆನ್ಸಿ ಬೇಸಿಸ್ ಎನ್ನುತ್ತಾರೆ. ಮೇಲಿನ 890 ಡಾಲರ್ ಲೆಕ್ಕದಲ್ಲಿ ನಾವು ಸಾಲಕ್ಕೆ ಮಿತಿಯೇ ಇಲ್ಲವೆಂದು ಭಾವಿಸಿದ್ದೆವು. ಬ್ಯಾಂಕ್ ಬಂಡವಾಳದ ಬಗೆಗಿನ ಅಂತರರಾಷ್ಟ್ರೀಯ ಬಾಸೆಲ್ 3 ನಿಯಮಗಳ ನಂತರ ಅಪಾಯವಿಲ್ಲದ ವ್ಯವಹಾರಕ್ಕೂ ಬ್ಯಾಂಕ್ ತನ್ನ ಬಂಡವಾಳದ ಒಂದು ಪಾಲನ್ನು ತೆಗೆದಿಡಬೇಕು. ಆ ಬಂಡವಾಳದ ವೆಚ್ಚಕ್ಕಿಂತ ಅಂತರ ಸಣ್ಣದಾಗಿದ್ದರೆ ಅದನ್ನು ಮುಚ್ಚಲು ಯಾರೂ ಬರುವುದಿಲ್ಲ.