ನಳಕ್ಕೆ ನೀರು ಬರುವ ದಿನವೂ ರೋಗದ ಲೆಕ್ಕಕ್ಕೆ ಸೇರುತ್ತದೆ

ರೋಗಾಣು, ಮನುಷ್ಯ, ಪರಿಸರ. ರೋಗ ಹರಡಲು ಈ ಮೂರೂ ಸೇರಬೇಕು ಅನ್ನುವ ತ್ರಿಕೋನ ಸಾರ್ವಜನಿಕ ಆರೋಗ್ಯ ಓದುವ ನಮಗೆಲ್ಲ ಬಾಯಿಪಾಠ. ಆದರೆ ಪರೀಕ್ಷೆಯಲ್ಲಿ ಪರಿಸರ ಅಂದ ಕೂಡಲೇ ಮಳೆ, ಬಿಸಿಲು ಅಂತ ಬರೆದು ಮುಂದೆ ಹೋಗುತ್ತೇವೆ. ಕಲಬುರಗಿಯ ಒಂದು ಓಣಿಯಲ್ಲಿ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಅನ್ನುವುದೂ ಪರಿಸರವೇ.

ಡೆಂಗಿ ತೆಗೆದುಕೊಳ್ಳಿ. ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಮನೆಯಲ್ಲಿ ತುಂಬಿಟ್ಟ ತಿಳಿನೀರು ಸಾಕು. ದಿನಾ ನೀರು ಬಾರದ ಕಡೆ ಡ್ರಮ್, ಕೊಡ, ಸಿಮೆಂಟ್ ತೊಟ್ಟಿ ಎಲ್ಲವನ್ನೂ ತುಂಬಿಡಲೇಬೇಕು. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ. ಹಾಗಾಗಿ ಮಳೆಯಿಲ್ಲದ ಬೇಸಿಗೆಯಲ್ಲೂ ಸೊಳ್ಳೆ ಉಳಿದುಕೊಳ್ಳುತ್ತದೆ. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಡ್ರಮ್ಮಿನ ಒಳಮೈಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಅದಕ್ಕೇ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಆದರೆ ಮುಂದಿನ ನೀರು ಯಾವಾಗ ಅಂತ ಗೊತ್ತಿಲ್ಲದವರಿಗೆ ಅರ್ಧ ಡ್ರಮ್ ಚೆಲ್ಲಿ ಅಂದರೆ ಹೇಗೆ ಚೆಲ್ಲುತ್ತಾರೆ? ಇದನ್ನು ‘ಜನರ ಅಜಾಗರೂಕತೆ’ ಅಂತ ಉತ್ತರದಲ್ಲಿ ಬರೆಯುವುದು ಅನ್ಯಾಯ. ಬಿಗಿಯಾದ ಮುಚ್ಚಳ, ನಿಯಮಿತ ಪೂರೈಕೆ ಎರಡನ್ನೂ ಬರೆಯಿರಿ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಲಾರ್ವಾ (ನೀರಲ್ಲಿರುವ ಸೊಳ್ಳೆಮರಿ) ಹುಡುಕುತ್ತಾರಲ್ಲ, ಅದರ ಲೆಕ್ಕ ಹೀಗೆ. ಒಂದು ಓಣಿಯಲ್ಲಿ 20 ಮನೆ ಅಂದುಕೊಳ್ಳಿ. 5 ಮನೆಗಳಲ್ಲಿ ಲಾರ್ವಾ ಸಿಕ್ಕಿತು, ಆದರೆ ಒಟ್ಟು 9 ಪಾತ್ರೆಗಳಲ್ಲಿ. ಹೌಸ್ ಇಂಡೆಕ್ಸ್ ಅಂದರೆ 100 ಮನೆಗೆ ಲಾರ್ವಾ ಸಿಕ್ಕ ಮನೆ ಎಷ್ಟು ಅಂತ, ಇಲ್ಲಿ 25. ಬ್ರೆಟೋ ಇಂಡೆಕ್ಸ್ ಅಂದರೆ 100 ಮನೆಗೆ ಲಾರ್ವಾ ಇರುವ ಪಾತ್ರೆ ಎಷ್ಟು ಅಂತ, ಇಲ್ಲಿ 45. ಅದೇ 5 ಮನೆಗಳಲ್ಲಿ ತಲಾ ಒಂದೇ ಪಾತ್ರೆಯಲ್ಲಿ ಲಾರ್ವಾ ಇದ್ದಿದ್ದರೆ ಹೌಸ್ ಇಂಡೆಕ್ಸ್ 25 ಆಗಿಯೇ ಉಳಿಯುತ್ತಿತ್ತು, ಬ್ರೆಟೋ ಕೂಡ 25ಕ್ಕೆ ಇಳಿಯುತ್ತಿತ್ತು. ನೀರು ಜಾಸ್ತಿ ಕೂಡಿಡಬೇಕಾದ ಕಷ್ಟ ಬ್ರೆಟೋದಲ್ಲೇ ಚೆನ್ನಾಗಿ ಕಾಣುವುದು, ಅಲ್ವಾ?

ಉಳಿದ ಸೊಳ್ಳೆಗಳದ್ದು ಬೇರೆ ದಾರಿ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್‌ಗೆ ತೆರೆದ ಚರಂಡಿ ಬೇಕು. ಮಲೇರಿಯಾದ ಅನಾಫಿಲಿಸ್‌ಗೆ ಯಾದಗಿರಿಯ ಸುರಪುರ, ಶಹಾಪುರದಂಥ ನೀರಾವರಿ ಸೀಮೆಯಲ್ಲಿ ಕಾಲುವೆ ಪಕ್ಕ ಸೋರಿ ನಿಂತ ನೀರಾದರೂ ಆದೀತು.

ನಾರುಹುಣ್ಣನ್ನು ಮಾತ್ರ ಮರೆಯದೆ ಓದಿ. ದಾರದಂಥ ಹುಳು ಹುಣ್ಣಿನಿಂದ ಹೊರಬರುವ, ಹಳೆಯ ಗುಲ್ಬರ್ಗಾ ಜಿಲ್ಲೆಯಲ್ಲೂ ಇದ್ದ ರೋಗ ಇದು. ಕಾಲಲ್ಲಿ ಹುಣ್ಣಾದವರು ಮೆಟ್ಟಿಲುಬಾವಿಗೆ ಇಳಿದಾಗ ಹುಳು ನೀರಿಗೆ ಮರಿ ಬಿಡುತ್ತಿತ್ತು. ಅವನ್ನು ನುಂಗಿದ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಕುಡಿಯುವ ನೀರಿನ ಜೊತೆ ಇನ್ನೊಬ್ಬರ ಹೊಟ್ಟೆ ಸೇರುತ್ತಿತ್ತು. ಇದಕ್ಕೆ ಲಸಿಕೆಯಿಲ್ಲ, ಹುಳು ಕೊಲ್ಲುವ ಔಷಧವೂ ಇಲ್ಲ. ಮೆಟ್ಟಿಲುಬಾವಿಗೆ ಇಳಿಯುವುದನ್ನು ತಪ್ಪಿಸಿ, ಕೊಳವೆಬಾವಿ ಕೊರೆಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದ್ದರಿಂದಲೇ 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು.