ನುಂಗಿದರೆ ಮುಗಿಯಲಿಲ್ಲ, ಕೊಲ್ಲಲೂ ಬೇಕು

ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ನಮ್ಮನ್ನು ಕಾಪಾಡುತ್ತವೆ ಅಂತ ಶಾಲೆಯಲ್ಲೇ ಓದಿರುತ್ತೇವೆ. ಆದರೆ ನುಂಗುವುದೇ ಬೇರೆ, ಕೊಲ್ಲುವುದೇ ಬೇರೆ. ಕೆಲವು ಬ್ಯಾಕ್ಟೀರಿಯಾಗಳು ನುಂಗಲು ಸಿಗುವುದೇ ಇಲ್ಲ. ಇನ್ನು ಕೆಲವು ಸುಲಭವಾಗಿ ಒಳಗೆ ಹೋಗಿ ಅಲ್ಲೇ ಮನೆ ಮಾಡಿಕೊಳ್ಳುತ್ತವೆ. ಈ ವ್ಯತ್ಯಾಸ ಸರಿಯಾಗಿ ಅರ್ಥವಾಗಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

19ನೇ ಶತಮಾನದ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣಗಳ ಒಳಗೆ ಬ್ಯಾಕ್ಟೀರಿಯಾಗಳನ್ನು ನೋಡಿದ್ದರು. ಆದರೆ ಹಲವರು ಅದನ್ನು ತಿರುಗಾಮುರುಗಾ ಅರ್ಥ ಮಾಡಿಕೊಂಡರು. ಬ್ಯಾಕ್ಟೀರಿಯಾಗಳೇ ಕಣದೊಳಗೆ ನುಗ್ಗುತ್ತವೆ, ಕಣ ಅವುಗಳನ್ನು ಹೊತ್ತು ಮೈಯೆಲ್ಲ ಹರಡುತ್ತದೆ ಎಂಬುದು ಅವರ ನಂಬಿಕೆ.

1882ರಲ್ಲಿ ಇಲ್ಯಾ ಮೆಚ್ನಿಕಾಫ್ ಸಿಸಿಲಿಯ ಮೆಸ್ಸೀನಾದಲ್ಲಿದ್ದರು. ಅವರು ವೈದ್ಯರಲ್ಲ, ಪ್ರಾಣಿವಿಜ್ಞಾನಿ. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಅವರು ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆದಾಡುವ ಕಣಗಳು ಮುತ್ತಿಕೊಂಡಿದ್ದವು. ಆ ಜೀವಿಗೆ ರಕ್ತನಾಳಗಳಿಲ್ಲ. ಅಂದ ಮೇಲೆ ಅವು ನಾಳದಿಂದ ಸೋರಿ ಬಂದವಲ್ಲ, ತಾವಾಗಿಯೇ ಹರಿದು ಬಂದವು! ಆಮೇಲೆ ನೀರಿನ ಚಿಗಟ ಎಂಬ ಪುಟ್ಟ ಜಲಜೀವಿಯ ಮೈಯಲ್ಲಿ ಅವರು ನಿಜವಾದ ಕಾದಾಟವನ್ನೇ ಕಂಡರು. ಒಂದು ಬಗೆಯ ಶಿಲೀಂಧ್ರದ ಸೂಜಿಯಂಥ ಬೀಜಕಗಳನ್ನು ಕಣಗಳು ನುಂಗಿ ಕರಗಿಸಿದರೆ ಚಿಗಟ ಉಳಿಯುತ್ತಿತ್ತು. ಬೀಜಕಗಳ ಕೈ ಮೇಲಾದರೆ ಸಾಯುತ್ತಿತ್ತು.

1890ರಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ ಎಂಬ ವಿಜ್ಞಾನಿಗಳು ಸೀರಂನಲ್ಲೇ, ಅಂದರೆ ಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ದ್ರವದಲ್ಲೇ, ಬ್ಯಾಕ್ಟೀರಿಯಾದ ವಿಷವನ್ನು ತಡೆಯುವ ಶಕ್ತಿ ಇದೆ ಎಂದು ತೋರಿಸಿದರು. ಕಾಪಾಡುವುದು ಕಣವೋ ದ್ರವವೋ ಎಂಬ ಜಗಳ ಜೋರಾಯಿತು. ಎರಡೂ ಬೇಕು ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು 1903ರಲ್ಲಿ. ಸೀರಂನಲ್ಲಿರುವ ಕೆಲವು ವಸ್ತುಗಳು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡರೆ ಕಣಗಳು ಅವುಗಳನ್ನು ಬೇಗ ನುಂಗುತ್ತವೆ ಎಂದು ಲಂಡನ್ನಿನಲ್ಲಿ ಆಲ್ಮ್ರಾತ್ ರೈಟ್ ಮತ್ತು ಸ್ಟೂವರ್ಟ್ ಡಗ್ಲಸ್ ತೋರಿಸಿದರು. ಆ ವಸ್ತುಗಳಿಗೆ ಆಪ್ಸೊನಿನ್ ಎಂದು ಹೆಸರಿಟ್ಟರು. ನ್ಯುಮೋನಿಯಾ ತರುವ ನ್ಯುಮೊಕಾಕಸ್‌ನ ವಿಷಯದಲ್ಲಿ ಇದು ಎಷ್ಟು ಮುಖ್ಯ ಅಂತ ಚೆನ್ನಾಗಿ ಕಾಣುತ್ತದೆ. ಅದರ ಮೈಮೇಲೆ ಸಕ್ಕರೆ ಅಣುಗಳ ದಪ್ಪ ಕವಚ ಇದೆ. ಕಣ ಎಷ್ಟು ಪ್ರಯತ್ನಿಸಿದರೂ ಹಿಡಿತ ಸಿಗುವುದಿಲ್ಲ. ಆಪ್ಸೊನಿನ್ ಆಗಿ ಕೆಲಸ ಮಾಡುವ ಪ್ರತಿಕಾಯ (ಆಂಟಿಬಾಡಿ) ಅಂಟಿಕೊಂಡರೆ ಜಾರುವ ಪಾತ್ರೆಗೆ ಹಿಡಿ ಹಾಕಿದ ಹಾಗೆ. ನ್ಯುಮೊಕಾಕಸ್ ಲಸಿಕೆ ಕೆಲಸ ಮಾಡುವುದೂ ಹೀಗೆಯೇ. 1908ರ ನೊಬೆಲ್ ಬಹುಮಾನವನ್ನು ಕಣದ ಪರ ಇದ್ದ ಮೆಚ್ನಿಕಾಫ್ ಮತ್ತು ದ್ರವದ ಪರ ಇದ್ದ ಪಾಲ್ ಏರ್ಲಿಚ್ ಹಂಚಿಕೊಂಡರು.

ಸರಿ, ನುಂಗಿದ ಮೇಲೆ ಏನಾಗುತ್ತದೆ? ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಬ್ಯಾಕ್ಟೀರಿಯಾದ ಸುತ್ತ ತನ್ನ ಪೊರೆಯನ್ನು ಚಾಚಿ, ಅದನ್ನು ಒಂದು ಚಿಕ್ಕ ಚೀಲದಲ್ಲಿ ಮುಚ್ಚಿಬಿಡುತ್ತದೆ. ಕೆಲವೇ ನಿಮಿಷಗಳಲ್ಲಿ ಕಿಣ್ವ ತುಂಬಿದ ಕಾಳುಗಳು ಬಂದು ಆ ಚೀಲಕ್ಕೆ ಸೇರಿ ಒಳಗೆ ಸುರಿಯುತ್ತವೆ. ಇದರ ಜೊತೆಗೆ ಇನ್ನೊಂದು ಅಸ್ತ್ರವೂ ಇದೆ. ಬ್ಯಾಕ್ಟೀರಿಯಾ ಸಿಕ್ಕ ಕೂಡಲೇ ಬಿಳಿ ಕಣಗಳು ಆಮ್ಲಜನಕವನ್ನು ಜಾಸ್ತಿ ಎಳೆದುಕೊಳ್ಳುವುದನ್ನು 1933ರಲ್ಲೇ ಗಮನಿಸಿದ್ದರು. ನುಂಗುವ ಶ್ರಮಕ್ಕೆ ಬೇಕಾದ ಶಕ್ತಿ ಅದು ಅಂದುಕೊಂಡರು. ನಿಜಕ್ಕೂ ಆ ಆಮ್ಲಜನಕದಿಂದ ವಿಷ ತಯಾರಾಗುತ್ತದೆ. ಮೊದಲು ಸೂಪರ್‌ಆಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ಕ್ಲೋರೈಡ್ ಸೇರಿ ಬ್ಲೀಚಿನಲ್ಲಿರುವಂಥ ಹೈಪೋಕ್ಲೋರಸ್ ಆಮ್ಲ. ಈ ಕೊನೆಯ ಹೆಜ್ಜೆಯ ಕಿಣ್ವ ಮೈಯೆಲೊಪೆರಾಕ್ಸಿಡೇಸ್. ಅದರ ಬಣ್ಣ ಹಸಿರು. ಕೀವು ಹಸಿರಾಗಿ ಕಾಣಲು ಅದೂ ಒಂದು ಕಾರಣ.

ಇದನ್ನೆಲ್ಲ ಅರ್ಥ ಮಾಡಿಸಿದ್ದು ಕೆಲವು ಕಾಯಿಲೆಯ ಮಕ್ಕಳು. 1950ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟಾದ ವೈದ್ಯರು ಮತ್ತೆ ಮತ್ತೆ ಕೀವುಗಡ್ಡೆಯಾಗಿ ನರಳುವ ಮಕ್ಕಳನ್ನು ಕಂಡರು. ಬಿಳಿ ಕಣಗಳಿಗೆ ಕೊರತೆ ಇರಲಿಲ್ಲ. ನುಂಗುವುದೂ ಸರಿಯಾಗಿಯೇ ಇತ್ತು. ಆದರೆ 1967ರಲ್ಲಿ ಪಾಲ್ ಕ್ವೀ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ನುಂಗಿದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಣದೊಳಗೇ ಬದುಕಿತ್ತು. ವಿಚಿತ್ರ ಅಂದರೆ, ಸ್ಟ್ರೆಪ್ಟೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೊಟ್ಟಾಗ ಅದೇ ಕಣಗಳು ಅದನ್ನು ಚೆನ್ನಾಗಿಯೇ ಕೊಂದವು. ಯಾಕೆ? ಈ ಮಕ್ಕಳ ಕಣಗಳಿಗೆ ಪೆರಾಕ್ಸೈಡ್ ತಯಾರಿಸಲು ಬರುವುದಿಲ್ಲ. ಸ್ಟ್ರೆಪ್ಟೊಕಾಕಸ್ ತಾನೇ ಪೆರಾಕ್ಸೈಡ್ ಬಿಡುತ್ತದೆ, ಅದನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಅದರಲ್ಲಿಲ್ಲ. ಕಣ ಆ ವಿಷವನ್ನೇ ಬಳಸಿಕೊಂಡು ಅದನ್ನು ಕೊಲ್ಲುತ್ತದೆ. ಸ್ಟ್ಯಾಫಿಲೊಕಾಕಸ್‌ನಲ್ಲಾದರೆ ಕ್ಯಾಟಲೇಸ್ ಇದೆ. ತುಂಬ ಚೆಂದದ ವಿವರಣೆ, ಅಲ್ವಾ? ಆದರೆ ಕ್ಯಾಟಲೇಸ್ ಜೀನ್ ತೆಗೆದ ಸ್ಟ್ಯಾಫಿಲೊಕಾಕಸ್ ಕೂಡ ಇದೇ ದೋಷವಿರುವ ಇಲಿಗಳಲ್ಲಿ ರೋಗ ತಂದಿತು. ಹಾಗಾಗಿ ಕ್ಯಾಟಲೇಸ್ ಒಂದೇ ಕಾರಣ ಎಂದು ಈಗ ಯಾರೂ ಸುಲಭವಾಗಿ ಹೇಳುವುದಿಲ್ಲ.

ಕ್ಷಯದ ಬ್ಯಾಕ್ಟೀರಿಯಾದ ದಾರಿ ಇನ್ನೂ ಬೇರೆ. ಅದು ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳ ಒಳಗೆ ಉಳಿದು, ತಾನಿರುವ ಚೀಲಕ್ಕೆ ಕಿಣ್ವದ ಚೀಲಗಳು ಸೇರದಂತೆ ತಡೆಯುತ್ತದೆ. 1971ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ತೋರಿಸಿದರು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮಾತ್ರ ಚೀಲವನ್ನೇ ತೂತು ಮಾಡಿ ಹೊರಬಂದು ಪಕ್ಕದ ಕಣಕ್ಕೆ ದಾಟುತ್ತದೆ.

ಇಂಥ ಹೊತ್ತಿನಲ್ಲಿ ಮ್ಯಾಕ್ರೊಫೇಜ್‌ಗೆ ಹೊರಗಿನ ಸಹಾಯ ಬೇಕು. ಟಿ-ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಬಿಡುವ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶದ ಅಣು ಅದರ ಕೊಲ್ಲುವ ಶಕ್ತಿಯನ್ನು ಹೆಚ್ಚಿಸುತ್ತದೆ. ಆ ಸಂದೇಶವನ್ನು ಪಡೆಯುವ, ಕಣದ ಮೇಲಿನ ಗ್ರಾಹಕ (ರಿಸೆಪ್ಟರ್) ಹುಟ್ಟಿನಿಂದಲೇ ಇಲ್ಲದ ಮಕ್ಕಳನ್ನು 1996ರಲ್ಲಿ ಗುರುತಿಸಿದರು. ಅವರಲ್ಲಿ ಬೇರೆ ಮಕ್ಕಳಿಗೆ ಏನೂ ಮಾಡದ, ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾ ಕೂಡ ಮೈಯೆಲ್ಲ ಹರಡಬಲ್ಲದು.