ಯಾವ ಕೊಲಂಬಸ್?

ಅನುವಾದದ ತರಗತಿಯಲ್ಲಿ ಒಮ್ಮೆ ಒಂದು ಇಂಗ್ಲಿಷ್ ವಾಕ್ಯ ಕೊಟ್ಟಿದ್ದೆ. ವಿದೇಶದ ಕೆಫೆಯೊಂದು ‘ಟರ್ಮರಿಕ್ ಲಾಟೆ’ ಮಾರುತ್ತದೆ, ಅದರ ಮಾಲೀಕ ಅರಿಶಿನ ಹಾಲಿನ ಕೊಲಂಬಸ್ ಎಂಬುದು ಅದರ ಸಾರ. ಒಬ್ಬ ಹುಡುಗಿ ಹೀಗೆ ಬರೆದಳು: “ಅರಿಶಿನ ಹಾಲನ್ನು ಜಗತ್ತಿಗೆ ಕೊಟ್ಟ ಮಹಾನ್ ಸಾಧಕ.” ಕನ್ನಡ ಚೆನ್ನಾಗಿತ್ತು. ಅರ್ಥ ಮಾತ್ರ ತಲೆಕೆಳಗಾಗಿತ್ತು. ಮೂಲದಲ್ಲಿದ್ದದ್ದು ಹೊಗಳಿಕೆಯಲ್ಲ, ಚುಚ್ಚುಮಾತು.

“ಸರ್, ಕೊಲಂಬಸ್ ಅಂದ್ರೆ ಕಂಡುಹಿಡಿದವನು ತಾನೆ?” ಅಂದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಅದನ್ನೇ ಅಲ್ವಾ?

ಹೆಸರು ಮಾತಾಗುವುದು ನಮಗೆ ಹೊಸದೇನಲ್ಲ. ಹೊತ್ತೇರಿದರೂ ಏಳದ ಮಗನಿಗೆ “ಕುಂಭಕರ್ಣ ಎದ್ದನಾ?” ಅನ್ನುತ್ತೇವೆ. ಅಣ್ಣತಮ್ಮಂದಿರ ನಡುವೆ ತಂದಿಡುವವನು ಶಕುನಿ. ಕಷ್ಟಪಟ್ಟು ಬಿಡದೆ ಮಾಡಿದ ಕೆಲಸ ಭಗೀರಥ ಪ್ರಯತ್ನ. ಪುರಾಣದಿಂದಲೇ ಬರಬೇಕೆಂದೂ ಇಲ್ಲ. ತುಘಲಕ್ ದರ್ಬಾರು ಇತಿಹಾಸದಿಂದ ಬಂದದ್ದು. ಇಡೀ ಬದುಕಿನಿಂದ ಭಾಷೆ ಒಂದೇ ಒಂದು ಎಳೆ ಎತ್ತಿಕೊಳ್ಳುತ್ತದೆ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಕುಂಭಕರ್ಣ ಅಣ್ಣನಿಗೆ ಹೇಳಿದ ಬುದ್ಧಿಮಾತು ಯಾರಿಗೆ ನೆನಪಿದೆ? ನಿದ್ದೆಯೊಂದೇ ಉಳಿದಿದೆ.

ಇಂಗ್ಲಿಷ್ ಇದನ್ನು ಒಂದು ಪುಟ್ಟ ಅಕ್ಷರದಿಂದ ಮಾಡುತ್ತದೆ. ಆ ಭಾಷೆಯಲ್ಲಿ ವ್ಯಕ್ತಿಯ ಹೆಸರಿಗೆ ಸಾಮಾನ್ಯವಾಗಿ ‘ಎ’ ಅಥವಾ ‘ದ’ ಸೇರಿಸುವುದಿಲ್ಲ. ಬರೀ ‘ಕೊಲಂಬಸ್’ ಅಂದರೆ 1492ರಲ್ಲಿ ಹಡಗು ಹತ್ತಿದ ಆ ಮನುಷ್ಯ. ‘ಎ ಕೊಲಂಬಸ್’ ಅಂದ ಕೂಡಲೇ ಅವನು ಮರೆಯಾಗಿ ಅವನಂಥ ಇನ್ನೊಬ್ಬ ಬಂದು ನಿಲ್ಲುತ್ತಾನೆ. ‘ದ ಕೊಲಂಬಸ್ ಆಫ್’ ಅಂತ ಮುಂದುವರಿದರೆ ಇಂಥ ಕ್ಷೇತ್ರದ ಕೊಲಂಬಸ್ ಎಂದಾಯಿತು. ವಚನಗಳನ್ನು ಸಂಗ್ರಹಿಸಿದ ಹಳಕಟ್ಟಿಯವರನ್ನು, ಋಗ್ವೇದವನ್ನು ಸಂಪಾದಿಸಿದ ಜರ್ಮನ್ ವಿದ್ವಾಂಸನ ಹೆಸರು ಹಿಡಿದು, ಕನ್ನಡದ ಮ್ಯಾಕ್ಸ್ ಮುಲ್ಲರ್ ಎಂದು ಕರೆದರಲ್ಲ, ಅದೇ ರೀತಿ. ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಇಷ್ಟೇ: ಹೆಸರಿನ ಪಕ್ಕ ಆ ಪುಟ್ಟ ಪದ ಕಂಡರೆ ಪೆನ್ನು ಕೆಳಗಿಟ್ಟು ಯೋಚಿಸಿ.

ಎಲ್ಲ ಅನ್ವೇಷಕರಿಗೂ ಈ ಭಾಗ್ಯವಿಲ್ಲ. ಅಮೆರಿಕದ ಲೇಖಕ ಥೋರೋ 1854ರಲ್ಲಿ ಪ್ರಕಟಿಸಿದ ‘ವಾಲ್ಡನ್’ ಪುಸ್ತಕದ ಕೊನೆಯ ಅಧ್ಯಾಯ ನೋಡಿ. ನಿನ್ನೊಳಗಿನ ಹೊಸ ಖಂಡಗಳಿಗೆ ನೀನೇ ಕೊಲಂಬಸ್ ಆಗು ಅನ್ನುತ್ತಾನೆ. ಅಲ್ಲೇ ಮಂಗೊ ಪಾರ್ಕ್, ಲೂಯಿಸ್ ಮತ್ತು ಕ್ಲಾರ್ಕ್, ಫ್ರಾಬಿಶರ್ ಹೆಸರುಗಳನ್ನೂ ಅದೇ ರೀತಿ ಬಳಸುತ್ತಾನೆ. ಈಗ ಅದನ್ನು ಕನ್ನಡಕ್ಕೆ ತರುವಾಗ ಮಂಗೊ ಪಾರ್ಕ್ ಆಫ್ರಿಕದ ನೈಜರ್ ನದಿಯ ಜಾಡು ಹಿಡಿದು ಹೋದವನು ಎಂದು ಅಡಿಟಿಪ್ಪಣಿ ಹಾಕಲೇಬೇಕು. ಫ್ರಾಬಿಶರ್‌ಗೂ ಬೇಕು. ಕೊಲಂಬಸ್‌ಗೆ ಬೇಡ. ಹೆಸರು ಮಾತಾಗಿ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಗೊತ್ತಿಲ್ಲ.

ಇನ್ನೊಂದು ಮಾತು. ಕೊಲಂಬಸ್ ಎಂಬುದು ಅವನ ಮನೆಮಂದಿ ಕರೆಯುತ್ತಿದ್ದ ಹೆಸರೂ ಅಲ್ಲ. ಇಟಲಿಯಲ್ಲಿ ಕೊಲಂಬೊ, ಸ್ಪೇನಿನಲ್ಲಿ ಕೊಲೋನ್. ಇಂಗ್ಲಿಷ್ ಹಿಡಿದುಕೊಂಡದ್ದು ಲ್ಯಾಟಿನ್ ರೂಪವನ್ನು.

ಈಗ ಆ ಚುಚ್ಚುಮಾತಿಗೆ ಬರೋಣ. ಥೋರೋ ಬರೆಯುವಾಗ ಕೊಲಂಬಸ್ ಅಂದರೆ ಯಾರೂ ಹೋಗದ ದಾರಿ ಹಿಡಿದ ಧೈರ್ಯಸ್ಥ. ಆದರೆ 1492ರ ಅಕ್ಟೋಬರ್ 12ರಂದು ಅವನು ಇಳಿದ ಬಹಾಮಾಸ್‌ನ ದ್ವೀಪ ಖಾಲಿ ಇರಲಿಲ್ಲ. ಅಲ್ಲಿ ಜನ ಇದ್ದರು, ಅವರ ಬಾಯಲ್ಲಿ ಆ ನೆಲಕ್ಕೆ ಗ್ವಾನಹಾನಿ ಎಂಬ ಹೆಸರೂ ಇತ್ತು. ಅವನು ಅದಕ್ಕೆ ಸಾನ್ ಸಾಲ್ವದೋರ್ ಎಂದು ಹೆಸರಿಟ್ಟು ಸ್ಪೇನಿನ ಬಾವುಟ ನೆಟ್ಟ. ಆ ಜನರ ಕಡೆಯಿಂದ ಕಥೆ ಹೇಳುವುದು ಜಾಸ್ತಿಯಾದ ಹಾಗೆ ಹೆಸರಿನೊಳಗಿನ ಅರ್ಥವೂ ಮಗುಚಿಕೊಂಡಿತು. 2014ರಲ್ಲಿ ಅಮೆರಿಕದ ಒಂದು ಹಾಸ್ಯ ವಿಡಿಯೊದಿಂದ ‘ಕೊಲಂಬಸಿಂಗ್’ ಎಂಬ ಪದ ಹಬ್ಬಿತು. ಹೆಸರು ಕ್ರಿಯಾಪದವೇ ಆಗಿಹೋಯಿತು. ಬೇರೆಯವರಲ್ಲಿ ಮೊದಲಿನಿಂದಲೂ ಇದ್ದದ್ದನ್ನು ತಾನೇ ಮೊದಲು ಕಂಡೆ ಎಂದು ಹೇಳಿಕೊಳ್ಳುವುದು ಅದರ ಅರ್ಥ. ಹಳೆಯ ಅರ್ಥವೂ ಸತ್ತಿಲ್ಲ. ಎರಡೂ ಒಟ್ಟಿಗೆ ಓಡಾಡುತ್ತಿವೆ, ಅದಕ್ಕೇ ಅನುವಾದಕರು ಎಡವುತ್ತಾರೆ. ಬರೆದವರು ಯಾರು, ಯಾವ ಕಾಲದಲ್ಲಿ, ಯಾರ ಪರವಾಗಿ ಎಂದು ನೋಡದೆ ಸುಮ್ನೆ ನಿಘಂಟು ತೆಗೆದರೆ ಇದು ಬಗೆಹರಿಯುವುದಿಲ್ಲ.

ನಮ್ಮ ‘ಕಂಡುಹಿಡಿ’ ಪದ ನೋಡಿ ನನಗೆ ಪ್ರತಿ ಸಲ ಅಚ್ಚರಿಯಾಗುತ್ತದೆ. ಕಾಣುವುದು, ಹಿಡಿಯುವುದು ಎರಡೂ ಅದರಲ್ಲಿವೆ. ಕೊಲಂಬಸ್‌ನ ಮೊದಲ ಅರ್ಥ ‘ಕಂಡು’ವಿನಲ್ಲಿದೆ, ಎರಡನೆಯದು ‘ಹಿಡಿ’ಯಲ್ಲಿದೆ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬಿಡಿಸಿ ಬರೆದೆ. ಆ ಹುಡುಗಿ ತನ್ನ ಸಾಲು ಹೊಡೆದುಹಾಕಿ, “ಧೈರ್ಯದ ಅರ್ಥ ಬಂದರೆ ಹೆಸರು ಬಿಟ್ಟು ‘ಹೊಸ ದಾರಿ ತೋರಿದವನು’ ಅನ್ನಬಹುದು, ಇಲ್ಲಿ ಮಾತ್ರ ಹೆಸರು ಇರಲಿ ಸರ್” ಅಂದಳು. ಚುಚ್ಚು ಇರುವುದೇ ಹೆಸರಿನಲ್ಲಿ ಎಂಬುದು ಅವಳಿಗೆ ಹೊಳೆದಿತ್ತು. ಹತ್ತು ನಿಮಿಷ ಬಿಟ್ಟು ಪುಸ್ತಕ ತಂದು ತೋರಿಸಿದಳು:

“ನಮ್ಮ ಅಜ್ಜಿಯರು ಕೆಮ್ಮಿಗೆ ಕಾಸಿ ಕೊಡುತ್ತಿದ್ದ ಅರಿಶಿನ ಹಾಲಿಗೆ ಈಗೊಬ್ಬ ಕೊಲಂಬಸ್ ಬಂದಿದ್ದಾನೆ.”